ತೊಟ್ಟಿಲು, ಜೋಲಿ, ವಾಕರ್: ಸುರಕ್ಷತೆಯ ಸಲಹೆ ಮತ್ತು ಮನೆಯ ಅನುಭವ

ಕೃಷಿಕ ಕುಟುಂಬಗಳಲ್ಲಿ ಕೂಸಿನ ಪಾಲನೆ ಮನೆಯೊಳಗೆ ಮಾತ್ರ ನಡೆಯುವುದಿಲ್ಲ. ನಾಟಿ, ಕಳೆ, ಕೊಯ್ಲಿನ ದಿನಗಳಲ್ಲಿ ತಾಯಿಯ ಜೊತೆಗೆ ಕೂಸೂ ಹೊಲಕ್ಕೆ ಬರುತ್ತದೆ. ಬದುವಿನ ಮರದ ಕೊಂಬೆಗೆ ಕಟ್ಟಿದ ಸೀರೆಯ ಜೋಲಿಯಲ್ಲಿ ಮಲಗುತ್ತದೆ. ಮನೆಯಲ್ಲಿ ತೊಲೆಗೆ ತೂಗುಹಾಕಿದ ತೊಟ್ಟಿಲು, ಪೇಟೆಯಿಂದ ತಂದ ವಾಕರ್, ಹಾಲಿನ ಬಾಟಲಿ ಇರುತ್ತವೆ. ಈ ಒಂದೊಂದು ವಸ್ತುವಿನ ಬಗೆಗೂ ಇಂದು ಹತ್ತಾರು ಎಚ್ಚರಿಕೆಗಳು ಕೇಳಿಬರುತ್ತಿವೆ. ಆಸ್ಪತ್ರೆಯಲ್ಲಿ ದಾದಿ ಒಂದು ಹೇಳಿದರೆ ಮೊಬೈಲ್ ಫೋನಿನಲ್ಲಿ ಇನ್ನೊಂದು ಬರುತ್ತದೆ. "ನಾವೆಲ್ಲ ಇದೇ ಜೋಲಿಯಲ್ಲಿ ಬೆಳೆದವರಲ್ಲವೇ?" ಎಂದು ಮನೆಯ ಅಜ್ಜಿ ಕೇಳುತ್ತಾಳೆ. ಇದು ಕೃಷಿ ಪತ್ರಿಕೆಯ ವಿಷಯವೇ ಎಂದು ಕೆಲವರಿಗೆ ಅನಿಸಬಹುದು. ಕೂಸು ಹೊಲದ ಬದುವಿನಲ್ಲಿ ಮಲಗುವವರೆಗೆ ಇದು ಕೃಷಿಯ ವಿಷಯವೂ ಹೌದು.

ಶಿಫಾರಸುಗಳನ್ನು ತೂಗಿ ನೋಡುವುದು ರೈತರಿಗೆ ಹೊಸದಲ್ಲ. ಗೊಬ್ಬರದ ಶಿಫಾರಸು ಇಡೀ ವಲಯಕ್ಕೆ ಒಂದೇ ಇದ್ದರೂ ಮಣ್ಣು ಪರೀಕ್ಷೆ ಮಾಡಿಸಿದವರು ಅದನ್ನು ತಮ್ಮ ಹೊಲಕ್ಕೆ ಹೊಂದಿಸಿಕೊಳ್ಳುತ್ತಾರೆ. ಶಿಫಾರಸಿನ ಹಿಂದಿರುವ ಕಾರಣ ತಿಳಿದಿದ್ದರೆ ಮಾತ್ರ ಹೀಗೆ ಹೊಂದಿಸಿಕೊಳ್ಳಲು ಸಾಧ್ಯ. ಕೂಸಿನ ವಿಷಯದಲ್ಲಿಯೂ ಈ ಕ್ರಮವೇ ಸರಿ. ಆದರೆ ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಅನುಭವವು ಪದೇ ಪದೇ ಆಗುವುದನ್ನು ಚೆನ್ನಾಗಿ ಕಲಿಸುತ್ತದೆ. ಸಾವಿರಾರು ಮನೆಗಳಲ್ಲಿ ಒಂದರಲ್ಲಿ ಆಗುವ ಅನಾಹುತವನ್ನು ಒಂದು ಮನೆಯ ಅನುಭವ, ಅದು ಮೂರು ತಲೆಮಾರಿನದಾದರೂ, ಕಲಿಸಲಾರದು. ಜೋಲಿಯಲ್ಲಿ ಬೆಳೆದು ದೊಡ್ಡವರಾದವರು ತಮ್ಮ ಅನುಭವ ಹೇಳುತ್ತಾರೆ. ಜೋಲಿಯಲ್ಲಿ ಉಸಿರುಗಟ್ಟಿದ ಕೂಸು ಬಂದು ಸಾಕ್ಷಿ ಹೇಳುವುದಿಲ್ಲ.

ಮಲಗಿಸುವ ರೀತಿ

ಸಲಹೆ ನೀಡುವವರೂ ತಪ್ಪಬಹುದು ಎಂಬುದಕ್ಕೆ ದೊಡ್ಡ ಉದಾಹರಣೆ ಇಲ್ಲಿಯೇ ಇದೆ. ಅಮೆರಿಕದ ಮಕ್ಕಳ ವೈದ್ಯ ಬೆಂಜಮಿನ್ ಸ್ಪಾಕ್ ಅವರ ಶಿಶುಪಾಲನೆಯ ಪುಸ್ತಕ 1946ರಲ್ಲಿ ಪ್ರಕಟವಾಗಿ ಮನೆಮನೆಗೂ ತಲುಪಿತು. 1950ರ ದಶಕದ ನಂತರದ ಆವೃತ್ತಿಗಳಲ್ಲಿ ಕೂಸನ್ನು ಬೋರಲಾಗಿ ಮಲಗಿಸಲು ಹೇಳಲಾಗಿತ್ತು. ಅಂಗಾತ ಮಲಗಿದ ಕೂಸು ವಾಂತಿ ಮಾಡಿಕೊಂಡರೆ ಉಸಿರುಕಟ್ಟೀತು ಎಂಬುದು ಕಾರಣ. ಕೇಳಲು ಯುಕ್ತವಾಗಿಯೇ ಇದೆ. ಆದರೆ ಮುಂದೆ ಹಲವು ದೇಶಗಳಲ್ಲಿ ನಡೆದ ಅಧ್ಯಯನಗಳು ಬೋರಲಾಗಿ ಮಲಗುವ ಶಿಶುಗಳಲ್ಲಿಯೇ ಹಠಾತ್ ಮರಣ ಹೆಚ್ಚೆಂದು ತೋರಿಸಿದವು. 1992ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ತನ್ನ ಸಲಹೆಯನ್ನು ಬದಲಿಸಿತು. 1994ರಲ್ಲಿ ಅಂಗಾತ ಮಲಗಿಸುವ ಪ್ರಚಾರ ಆರಂಭವಾಯಿತು. ನಂತರದ ವರ್ಷಗಳಲ್ಲಿ ಅಲ್ಲಿ ಇಂತಹ ಮರಣಗಳ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ತೊಟ್ಟಿಲಲ್ಲಿ ಕೂಸನ್ನು ಅಂಗಾತ ಮಲಗಿಸುವ ನಮ್ಮ ಹಳ್ಳಿಗಳ ರೂಢಿ ಈ ವಿಷಯದಲ್ಲಿ ಸರಿಯಾಗಿಯೇ ಇತ್ತು.

ಹಾಗೆಂದು ರೂಢಿಯೆಲ್ಲ ಸರಿಯೆನ್ನುವಂತಿಲ್ಲ. ಕೂಸಿನ ತಲೆ ಗುಂಡಗಾಗಲೆಂದು ಇಡುವ ಸಾಸಿವೆ ದಿಂಬು, ಬೆಚ್ಚಗಿರಲೆಂದು ಸುತ್ತ ತುಂಬುವ ಮೆತ್ತನೆಯ ಬಟ್ಟೆ, ಮುಖದ ಮೇಲೆ ಬರುವಷ್ಟು ದೊಡ್ಡ ಕೌದಿ, ಕೊರಳಿನ ದಾರ ಇವು ಅಪಾಯಕರ. ಎಳೆಗೂಸಿಗೆ ಮೂಗಿಗೆ ಅಡ್ಡ ಬಂದುದನ್ನು ಸರಿಸುವ ಶಕ್ತಿ ಇರುವುದಿಲ್ಲ ಎಂಬುದೊಂದೇ ಇಲ್ಲಿ ನೆನಪಿಡಬೇಕಾದ ಕಾರಣ. ಒಂದು ವರ್ಷ ತುಂಬುವವರೆಗೆ ದಿಂಬು ಬೇಡವೇ ಬೇಡ. ದಾರ ಕಟ್ಟಲೇಬೇಕೆಂದಿದ್ದರೆ ಸೊಂಟದಲ್ಲಿ ಉಡಿದಾರವಾಗಿ ಇರಲಿ. ಪೇಟೆಯಲ್ಲಿ ತೊಟ್ಟಿಲಿನ ಒಳಬದಿಗೆ ಕಟ್ಟುವ ಮೆತ್ತೆಗಳು ಸಿಗುತ್ತವೆ. ತಲೆಗೆ ಪೆಟ್ಟಾಗದಿರಲೆಂದು ಇವನ್ನು ಕೊಳ್ಳುವುದು ಸಹಜ. ಆದರೆ ಅವುಗಳಿಗೆ ಮುಖ ಒತ್ತಿ ಶಿಶುಗಳು ಸತ್ತ ಕಾರಣ 2022ರಲ್ಲಿ ಅಮೆರಿಕ ಕಾನೂನಿನ ಮೂಲಕ ಅವನ್ನು ನಿಷೇಧಿಸಿದೆ. "ಸುರಕ್ಷತೆ" ಎಂಬ ಹೆಸರಿನಲ್ಲಿ ಮಾರಾಟವಾಗುವುದೆಲ್ಲ ಸುರಕ್ಷಿತವಲ್ಲ. ರೈತರು ಇದನ್ನು ಔಷಧಿ ಅಂಗಡಿಗಳಲ್ಲಿ ಬಲ್ಲರು.

ಕೂಸನ್ನು ಪ್ರತ್ಯೇಕ ಹಾಸಿಗೆಯಲ್ಲಿಯೇ ಮಲಗಿಸಬೇಕೆಂಬ ಪಾಶ್ಚಾತ್ಯ ಸಲಹೆ ನಮ್ಮ ತಾಯಂದಿರಿಗೆ ಒಗ್ಗುವುದು ಕಷ್ಟ. ಇಲ್ಲಿ ಕಾರಣವನ್ನು ನೋಡಬೇಕು. ಕುಸಿಯುವ ಸ್ಪಂಜಿನ ಹಾಸಿಗೆ, ದಪ್ಪ ಹೊದಿಕೆ, ಪಕ್ಕದಲ್ಲಿ ಕುಡಿದು ಅಥವಾ ಬೀಡಿ ಸೇದಿ ಮಲಗಿದವರು, ಇವು ಅಪಾಯವನ್ನು ಹೆಚ್ಚಿಸುತ್ತವೆ. ನೆಲದ ಮೇಲೆ ಚಾಪೆ ಹಾಸಿ, ತೆಳು ಬಟ್ಟೆ ಹೊದಿಸಿ ತಾಯಿಯ ಮಗ್ಗುಲಲ್ಲಿ ಮಲಗಿಸುವುದು ಸೋಫಾದ ಮೇಲೆ ಮಲಗಿಸುವುದಕ್ಕಿಂತ ಎಷ್ಟೋ ಮೇಲು. ಆದರೆ ದಿನ ತುಂಬದೆ ಹುಟ್ಟಿದ, ಅಥವಾ ಹುಟ್ಟುವಾಗ ತೂಕ 2.5 ಕಿ.ಗ್ರಾಂ.ಗಿಂತ ಕಡಿಮೆಯಿದ್ದ ಕೂಸಿಗೆ ತಾಯಿಯ ಕೈಗೆಟುಕುವಲ್ಲಿ ಬೇರೆಯೇ ಹಾಸು ಇರತಕ್ಕದ್ದು.

ಮರದ ತೊಟ್ಟಿಲಿನಲ್ಲಿ ಕಂಬಿಗಳ ನಡುವಿನ ಅಂತರ 6 ಸೆಂ.ಮೀ. ಮೀರಬಾರದು. ಅಗಲವಾಗಿದ್ದರೆ ಕೂಸಿನ ಮೈ ಹೊರಜಾರಿ ತಲೆ ಸಿಕ್ಕಿಕೊಳ್ಳುತ್ತದೆ. ಹಳೆಯ ತೊಟ್ಟಿಲನ್ನು ಅಟ್ಟದಿಂದ ಇಳಿಸಿದಾಗ ಮೊದಲು ಅಳೆಯಬೇಕಾದುದು ಇದನ್ನೇ. ಸರಪಳಿ, ಕೊಂಡಿಗಳ ಪರೀಕ್ಷೆಯೂ ಆಗಲೇ ಆಗಲಿ.

ಸೀರೆಯ ಜೋಲಿ

ಜೋಲಿಯನ್ನು ಪೂರ್ತಿ ತಳ್ಳಿಹಾಕುವ ಸಲಹೆ ಹೊಲದಲ್ಲಿ ನಡೆಯುವಂಥದ್ದಲ್ಲ. ನೆಲದಲ್ಲಿ ಇರುವೆ, ಚೇಳು, ಹಾವಿನ ಭಯವಿರುವಾಗ ಕೂಸನ್ನು ಮೇಲೆ ತೂಗುಹಾಕುವುದರಲ್ಲಿ ವಿವೇಕವಿದೆ. ಆದರೆ ಜೋಲಿಯ ದೋಷವನ್ನೂ ತಿಳಿದಿರಬೇಕು. ಬಟ್ಟೆ ಬಾಗಿದಂತೆ ಕೂಸಿನ ಬೆನ್ನೂ ಬಾಗುತ್ತದೆ. ಕತ್ತು ಗಟ್ಟಿಯಾಗದ ಕೂಸಿನ ಗದ್ದ ಎದೆಗೆ ಒತ್ತಿ ಉಸಿರಿನ ದಾರಿ ಕಿರಿದಾಗುತ್ತದೆ. ಅಳು ಇಲ್ಲ, ಸದ್ದಿಲ್ಲ; ದೂರದಿಂದ ನೋಡಿದರೆ ನಿದ್ರೆಯಂತೆಯೇ ಕಾಣುತ್ತದೆ. ಬೋರಲು ಬಿದ್ದ ಕೂಸಿಗೂ ಇದೇ ಗತಿ. ಇಳಿಜಾರಾಗಿ ಮಲಗಿಸುವ ಪೇಟೆಯ ಸಾಧನಗಳಲ್ಲಿಯೂ ಇಂತಹ ಸಾವುಗಳು ಸಂಭವಿಸಿದವು. 2019ರಲ್ಲಿ ಅಮೆರಿಕದ ಒಂದು ಕಂಪನಿ ತನ್ನ ಸುಮಾರು 47 ಲಕ್ಷ ಸಾಧನಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಮೇಲೆ ಹೇಳಿದ 2022ರ ಕಾನೂನು ಅವನ್ನೂ ನಿಷೇಧಿಸಿದೆ.

ಆದುದರಿಂದ ಕತ್ತು ನಿಲ್ಲದ ಎಳೆಗೂಸಿಗೆ ಜೋಲಿಗಿಂತ ನೆರಳಿನಲ್ಲಿಟ್ಟ ಸಣ್ಣ ಹೊರಸು, ಅದರ ಮೇಲೊಂದು ಸೊಳ್ಳೆಪರದೆ ಉತ್ತಮ. ಜೋಲಿ ಕಟ್ಟಲೇಬೇಕಾದಲ್ಲಿ ಹಿರಿಯರು ಬಳಸುತ್ತಿದ್ದ ಅಡ್ಡಕೋಲನ್ನು ಬಿಡಬಾರದು. ಅದು ಬಟ್ಟೆಯ ಎರಡು ಮಡಿಕೆಗಳನ್ನು ಅಗಲಿಸಿ ಮುಖಕ್ಕೆ ಗಾಳಿಯಾಡಲು ಬಿಡುತ್ತದೆ. ನೊಣ ಬಾರದಿರಲೆಂದು ಸೆರಗಿನಿಂದ ಪೂರ್ತಿ ಮುಚ್ಚಬಾರದು. ಜೋಲಿಯ ತಳ ಮೊಣಕಾಲೆತ್ತರಕ್ಕಿಂತ ಮೇಲಿರದಿರಲಿ, ಕೆಳಗೆ ಕಲ್ಲು, ಕುಡುಗೋಲು ಇರದಿರಲಿ. ಕೊಂಬೆಯನ್ನು ದೊಡ್ಡವರು ಒಮ್ಮೆ ಜಗ್ಗಿ ನೋಡಬೇಕು. ಕೂಸು ಮಗುಚಲು ಕಲಿತ ದಿನದಿಂದ ಜೋಲಿಯ ಕಾಲ ಮುಗಿಯಿತು. ಸೀರೆಯ ಉಯ್ಯಾಲೆಯನ್ನು ತಿರುಚಿ ಆಡುವ ದೊಡ್ಡ ಮಕ್ಕಳ ಕೊರಳಿಗೆ ಬಟ್ಟೆ ಬಿಗಿದು ಪ್ರಾಣ ಹೋದ ಪ್ರಕರಣಗಳು ನಮ್ಮ ದೇಶದ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಕೂಸನ್ನು ಎತ್ತಿಕೊಂಡ ಕೂಡಲೇ ಜೋಲಿಯನ್ನೂ ಬಿಚ್ಚಿಡುವುದು ಇದಕ್ಕೆ ಸುಲಭ ಪರಿಹಾರ.

ವಾಕರ್

ಇಲ್ಲಿ ಮಾತ್ರ ಸಲಹೆಯನ್ನು ಹೊಂದಿಸಿಕೊಳ್ಳುವ ಪ್ರಶ್ನೆಯಿಲ್ಲ. ಕೂಸನ್ನು ಒಳಗೆ ಕೂರಿಸುವ ಗಾಲಿಯ ವಾಕರ್ ಅನ್ನು ಮನೆಗೆ ತರದಿರುವುದೇ ಲೇಸು. 1990ರಿಂದ 2014ರವರೆಗೆ ಅಮೆರಿಕದಲ್ಲಿ ವಾಕರಿನಿಂದ ಪೆಟ್ಟಾಗಿ ತುರ್ತು ಚಿಕಿತ್ಸೆ ಪಡೆದ, 15 ತಿಂಗಳೊಳಗಿನ ಶಿಶುಗಳ ಸಂಖ್ಯೆ 2 ಲಕ್ಷ 30 ಸಾವಿರಕ್ಕೂ ಹೆಚ್ಚೆಂದು ಅಂದಾಜು ಮಾಡಲಾಗಿದೆ. ಅವುಗಳಲ್ಲಿ ಶೇಕಡ 90ರಷ್ಟು ತಲೆ ಮತ್ತು ಕತ್ತಿನ ಪೆಟ್ಟುಗಳು. ಬಹುಪಾಲು ಮೆಟ್ಟಿಲಿನಿಂದ ಬಿದ್ದವು. ಕೆನಡಾ ದೇಶ 2004ರಲ್ಲಿ ಇದರ ಮಾರಾಟವನ್ನೇ ನಿಷೇಧಿಸಿತು. ನಮ್ಮ ಮನೆಗಳಲ್ಲಿ ಮಹಡಿಯ ಮೆಟ್ಟಿಲಿಲ್ಲದಿದ್ದರೂ ಹೊಸ್ತಿಲು, ಜಗಲಿ, ಒಲೆ ಇವೆಯಲ್ಲ!

"ನಾವು ಪಕ್ಕದಲ್ಲಿಯೇ ಇರುತ್ತೇವೆ" ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ವಾಕರಿನಲ್ಲಿರುವ ಕೂಸು ಒಂದು ಸೆಕೆಂಡಿನಲ್ಲಿ 3 ಅಡಿಗೂ ಹೆಚ್ಚು ದೂರ ಸರಿಯಬಲ್ಲದು. ಹೆಚ್ಚಿನ ಅಪಘಾತಗಳು ದೊಡ್ಡವರು ನೋಡುತ್ತಿರುವಾಗಲೇ ಆಗಿವೆ. ಬೇಗ ನಡೆಯಲು ಕಲಿಯುತ್ತದೆಂಬ ನಂಬಿಕೆಗೂ ಆಧಾರವಿಲ್ಲ. ಚನ್ನಪಟ್ಟಣದಲ್ಲಿ ಮಾಡುವಂತಹ, ಕೂಸು ನಿಂತು ತಳ್ಳಿಕೊಂಡು ಹೋಗುವ ಮರದ ನಡೆಗಾಡಿ ಬೇರೆಯ ಜಾತಿಯದು. ಅದರಲ್ಲಿ ಕೂಸು ತನ್ನ ಕಾಲಿನ ಮೇಲೆಯೇ ನಿಲ್ಲಬೇಕಾದುದರಿಂದ ಅದರ ವೇಗವೂ ಕೂಸಿನ ಶಕ್ತಿಗೆ ತಕ್ಕಷ್ಟೇ.

ಒಳಲೆ, ಬಾಟಲಿ, ಬಕೆಟ್ಟು

ಹಾಲಿನ ಬಾಟಲಿಯ ಜಾಹೀರಾತನ್ನು ನಮ್ಮ ದೇಶದಲ್ಲಿ 1992ರ ಕಾಯಿದೆಯೇ ತಡೆದಿದೆ. ಆರು ತಿಂಗಳವರೆಗೆ ಎದೆಹಾಲೊಂದೇ ಸಾಕು. ಎದೆಹಾಲನ್ನು ಹಿಂಡಿ ಕುಡಿಸಬೇಕಾದಾಗ ಹಳೆಯ ಒಳಲೆ ಬಾಟಲಿಗಿಂತ ಎಷ್ಟೋ ಮೇಲು: ಬಾಯಿ ತೆರೆದಿರುವುದರಿಂದ ಉಜ್ಜಿ ತೊಳೆದು ಕುದಿಸುವುದು ಸುಲಭ. ಕಡಿಮೆ ತೂಕದ ಶಿಶುಗಳಿಗೆ ಆಸ್ಪತ್ರೆಗಳಲ್ಲಿ ಇಂದಿಗೂ ಬಳಸುವುದು ಇದೇ ಬಗೆಯ ಪಾತ್ರೆಯನ್ನು. ಶುದ್ಧೀಕರಣ ಯಂತ್ರ, ಉಸಿರು ಅಳೆಯುವ ಕಾಲುಚೀಲ ಮುಂತಾದವಕ್ಕೆ ಹಣ ಸುರಿಯುವ ಅಗತ್ಯವಿಲ್ಲ. ಕಾಸು ಖರ್ಚಿಲ್ಲದ ಒಂದು ಕೆಲಸ ಮಾತ್ರ ತಪ್ಪಬಾರದು. ಅಂಬೆಗಾಲಿಡುವ ಕೂಸು ಬಕೆಟ್ಟಿನಲ್ಲಿರುವ 5 ಸೆಂ.ಮೀ. ನೀರಿನಲ್ಲಿಯೂ ಮುಳುಗಬಲ್ಲದು. ಸ್ನಾನವಾದೊಡನೆ ಬಕೆಟ್ಟನ್ನು ಬೋರಲು ಹಾಕಬೇಕು, ತೊಟ್ಟಿಗೆ ಮುಚ್ಚಳವಿರಬೇಕು.

ಹೊಲದ ಬದಿಯಲ್ಲಿ

ಪೇಟೆಯವರಿಗಾಗಿ ಬರೆದ ಸಲಹೆಗಳಲ್ಲಿ ಕಾಣದ ಅಪಾಯವೊಂದು ರೈತರ ಮನೆಯಲ್ಲಿದೆ. ಬೀಜೋಪಚಾರ ಮಾಡಿದ ಬೀಜದ ಚೀಲವನ್ನು ಒಗೆದು ಕೂಸಿಗೆ ಹಾಸುವುದುಂಟು. ಒಗೆದರೂ ವಿಷ ಪೂರ್ತಿ ಹೋಗದು. ಯೂರಿಯಾ ಚೀಲದ ಪ್ಲಾಸ್ಟಿಕ್ ಒಳಪದರ ಮುಖಕ್ಕೆ ಅಂಟಿದರೆ ಉಸಿರುಗಟ್ಟುತ್ತದೆ. ಸಿಂಪರಣೆ ಮಾಡುವಾಗ ಉಟ್ಟಿದ್ದ ಬಟ್ಟೆಯಿಂದ ಜೋಲಿ ಕಟ್ಟಬಾರದು. ಅದನ್ನು ಕೂಸಿನ ಬಟ್ಟೆಗಳೊಂದಿಗೆ ಒಗೆಯಲೂ ಬಾರದು. ಪಕ್ಕದ ಹೊಲದಲ್ಲಿ ಸಿಂಪರಣೆ ಇದ್ದರೂ ಗಾಳಿ ಈ ಕಡೆಗಿದ್ದರೆ ಆ ದಿನ ಕೂಸನ್ನು ಕರೆದೊಯ್ಯಬಾರದು. ಬೀದಿಯ ಆಶಾ ಕಾರ್ಯಕರ್ತೆಗಿಂತ ಕೃಷಿ ಸಹಾಯಕರಿಗೆ ಈ ಮಾತುಗಳು ಹೆಚ್ಚು ಪರಿಚಿತ. ಬಾಣಂತಿ ಇರುವ ಮನೆಗೆ ಹೋದಾಗ ಅವರೇ ಇದನ್ನು ತಿಳಿಸುವುದು ಒಳ್ಳೆಯದು.

ಖಾಲಿಯಾದ ಔಷಧಿ ಡಬ್ಬಿಯನ್ನು ತೊಳೆದು ಕೂಸಿನ ಸ್ನಾನದ ನೀರಿಗೆ, ಹಾಲಿಗೆ ಬಳಸುವ ಮನೆಗಳು ಇನ್ನೂ ಇವೆ. ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ಕೆಂಪಾಗಿರಲಿ, ಹಸಿರಾಗಿರಲಿ, ಅದು ಪಾತ್ರೆಯಾಗುವಂಥದ್ದಲ್ಲ. ಸಿಂಪರಣೆ ಮಾಡುವಾಗಲೇ ಅದನ್ನು ಮೂರು ಸಲ ಜಾಲಾಡಿಸಿ, ಆ ನೀರನ್ನು ಸಿಂಪರಣಾ ಟ್ಯಾಂಕಿಗೆ ಸುರಿದು, ಹೊಲದಲ್ಲಿಯೇ ಡಬ್ಬಿಗೆ ತೂತು ಹೊಡೆದುಬಿಡಬೇಕು.