ತೋಟಗಾರನ ಮಗನ ಗೆಲುವು: ಬ್ರುಕ್‌ಲೈನ್, 1913

ಗಾಲ್ಫ್ ಎಂದೊಡನೆ ಅದು ಸಿರಿವಂತರ ವಿಹಾರವೆಂಬ ಭಾವನೆ ನಮ್ಮಲ್ಲಿ ಮೂಡುವುದು ಸಹಜ. ಬೆಂಗಳೂರಿನಲ್ಲಿ 1876ರಷ್ಟು ಹಿಂದೆಯೇ ಗಾಲ್ಫ್ ಕ್ಲಬ್ ಸ್ಥಾಪನೆಯಾಯಿತಾದರೂ ನಮ್ಮ ಶಾಲೆಗಳ ಬಯಲಿಗೆ ಈ ಆಟ ಇಳಿದು ಬರಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದ ಅಮೆರಿಕದಲ್ಲಿಯೂ ಪರಿಸ್ಥಿತಿ ಬಹಳ ಭಿನ್ನವಾಗಿರಲಿಲ್ಲ. ಉಳ್ಳವರು ಆಡುತ್ತಿದ್ದರು, ಅವರ ದಂಡಗಳ ಚೀಲವನ್ನು ಹೊತ್ತು ಹಿಂದೆ ನಡೆಯುವ ಹುಡುಗರನ್ನು ‘ಕ್ಯಾಡಿ’ಗಳೆಂದು ಕರೆಯುತ್ತಿದ್ದರು. ಹಾಗೆ ಚೀಲ ಹೊತ್ತವನೊಬ್ಬನೇ ಆ ದೇಶದ ಅಗ್ರ ಪಂದ್ಯವನ್ನು ಗೆದ್ದ ಪ್ರಸಂಗವು ಶಿಕ್ಷಣಾಸಕ್ತರ ಅವಲೋಕನಕ್ಕೆ ಯೋಗ್ಯವಾಗಿದೆ.

ಫ್ರಾನ್ಸಿಸ್ ವೀಮೆಟ್ 1893ರಲ್ಲಿ ಬಾಸ್ಟನ್ ನಗರಕ್ಕೆ ಹೊಂದಿಕೊಂಡ ಬ್ರುಕ್‌ಲೈನ್‌ನಲ್ಲಿ ಜನಿಸಿದನು. ತಂದೆ ಕೆನಡಾದಿಂದ ವಲಸೆ ಬಂದ ತೋಟಗಾರ. ಅವರ ಮನೆಯ ಎದುರಿಗೇ, ರಸ್ತೆಯ ಆಚೆ, ‘ದಿ ಕಂಟ್ರಿ ಕ್ಲಬ್’ ಎಂಬ ಪ್ರತಿಷ್ಠಿತ ಸಂಸ್ಥೆಯ ಮೈದಾನವಿತ್ತು. ಬಾಲಕ ಫ್ರಾನ್ಸಿಸ್ ಅಲ್ಲಿಯೇ ಕ್ಯಾಡಿಯಾಗಿ ದುಡಿದು, ಬಲ್ಲವರ ಕೈಚಳಕವನ್ನು ಕಣ್ಣಿನಿಂದಲೇ ಕಲಿತನು. ಮುಂದೆ ಕ್ರೀಡಾಸಾಮಗ್ರಿಗಳ ಅಂಗಡಿಯೊಂದರಲ್ಲಿ ನೌಕರಿಗೆ ಸೇರಿದನು.

‘ಯು.ಎಸ್. ಓಪನ್’ ಪಂದ್ಯವು 1895ರಲ್ಲಿ ಆರಂಭವಾಯಿತು. ವೃತ್ತಿಪರರಿಗೂ ಹವ್ಯಾಸಿಗಳಿಗೂ ಅದರಲ್ಲಿ ಪ್ರವೇಶವಿತ್ತಾದರೂ ಹವ್ಯಾಸಿಯೊಬ್ಬನೂ ಅದನ್ನು ಗೆದ್ದಿರಲಿಲ್ಲ. 1913ರ ಸೆಪ್ಟೆಂಬರಿನಲ್ಲಿ ಅದು ವೀಮೆಟ್‌ನ ಮನೆಯೆದುರಿಗೇ ನಡೆಯಿತು. ಇಂಗ್ಲೆಂಡಿನಿಂದ ಬಂದಿದ್ದ ಹ್ಯಾರಿ ವಾರ್ಡನ್ ಐದು ಬಾರಿ ಬ್ರಿಟಿಷ್ ಓಪನ್ ಗೆದ್ದ ಧುರೀಣ. ಟೆಡ್ ರೇ ಅದರ ಹಿಂದಿನ ವರ್ಷದ ವಿಜೇತ. ವಾರ್ಡನ್ ಕೂಡ ಜರ್ಸಿ ದ್ವೀಪದ ತೋಟಗಾರನೊಬ್ಬನ ಮಗನೇ ಎಂಬುದನ್ನು ಇಲ್ಲಿ ಮರೆಯಲಾಗದು.

ಇಪ್ಪತ್ತರ ಹರೆಯದ ವೀಮೆಟ್‌ನ ಚೀಲ ಹೊತ್ತವನು ಎಡ್ಡಿ ಲೋವರಿ. ಅವನಿಗೆ ಹತ್ತೇ ವರ್ಷ! ಬರಬೇಕಾಗಿದ್ದವನು ಅವನ ಅಣ್ಣ. ಶಾಲೆ ತಪ್ಪಿಸುವವರನ್ನು ಹಿಡಿಯುವ ಅಧಿಕಾರಿಗೆ ಅಣ್ಣ ಸಿಕ್ಕಿಬಿದ್ದುದರಿಂದ ತಮ್ಮನು ತಾನೇ ಶಾಲೆ ತಪ್ಪಿಸಿ ಓಡಿಬಂದನು. ನಮ್ಮ ಶಿಕ್ಷಕ ಬಂಧುಗಳಿಗೆ ಇದು ಮೆಚ್ಚುಗೆಯಾಗದು. ಆದರೂ ನಡೆದದ್ದನ್ನು ನಡೆದಂತೆಯೇ ಹೇಳಬೇಕಷ್ಟೆ.

ಎರಡು ದಿನಗಳಲ್ಲಿ ನಾಲ್ಕು ಸುತ್ತು, ಒಟ್ಟು 72 ಗುಳಿಗಳು. ಕಡಿಮೆ ಹೊಡೆತಗಳಲ್ಲಿ ಮುಗಿಸಿದವನೇ ವಿಜಯಿ. ವಾರ್ಡನ್ ಮತ್ತು ರೇ ತಲಾ 304 ಹೊಡೆತಗಳಲ್ಲಿ ಆಟ ಮುಗಿಸಿ ಕಾದಿದ್ದರು. ಕೊನೆಯ ಸುತ್ತಿನಲ್ಲಿ ವೀಮೆಟ್ ಮುಗ್ಗರಿಸಿದ್ದನು. ಸಮಬಲಕ್ಕೆ ಬರಬೇಕಾದರೆ ಉಳಿದ ಆರು ಗುಳಿಗಳಲ್ಲಿ ನಿಗದಿತ ಎಣಿಕೆಗಿಂತ ಎರಡು ಹೊಡೆತ ಉಳಿಸಬೇಕಾಗಿತ್ತು. ಹದಿಮೂರನೆಯದರಲ್ಲಿ ಒಂದು, ತನ್ನ ಮನೆಗೆ ಎದುರಾದ ಹದಿನೇಳನೆಯದರಲ್ಲಿ ಇನ್ನೊಂದು ಉಳಿಸಿದನು. ಮೂವರೂ ಸಮನಾದರು.

ಮರುದಿನ, ಸೆಪ್ಟೆಂಬರ್ 20ರಂದು, ಮಳೆಯಲ್ಲಿ ನಿರ್ಣಾಯಕ ಸುತ್ತು. ಇಂತಹ ಮಹತ್ವದ ಆಟಕ್ಕೆ ಈ ಪೋರನೇಕೆ ಎಂದು ಕೆಲವರು ಎಡ್ಡಿಯ ಸ್ಥಾನ ಪಡೆಯಲೆತ್ನಿಸಿದಾಗ ಹುಡುಗನ ಕಣ್ಣು ತುಂಬಿ ಬಂತು. ವೀಮೆಟ್ ಅವನನ್ನು ಬಿಟ್ಟುಕೊಡಲಿಲ್ಲ. ಚೆಂಡಿನಿಂದ ಕಣ್ಣು ತೆಗೆಯಬೇಡವೆಂದು ಆ ಹತ್ತು ವರ್ಷದವನು ದೊಡ್ಡವನಿಗೆ ನೆನಪಿಸುತ್ತ ನಡೆದನು. ಮೊದಲರ್ಧದಲ್ಲಿ ಮೂವರದೂ 38. ಹದಿನೇಳನೆಯ ಗುಳಿಯ ಬಳಿ ವಾರ್ಡನ್‌ಗಿಂತ ವೀಮೆಟ್ ಒಂದೇ ಹೊಡೆತ ಮುಂದಿದ್ದನು. ತಿರುವನ್ನು ಅಡ್ಡದಾರಿಯಲ್ಲಿ ದಾಟಲೆಣಿಸಿದ ವಾರ್ಡನ್‌ನ ಚೆಂಡು ಮರಳಿನ ಗುಂಡಿಗೆ ಬಿದ್ದಿತು; ಅವನಿಗೆ ಐದು, ವೀಮೆಟ್‌ಗೆ ಮೂರು. ಅಂತಿಮವಾಗಿ ವೀಮೆಟ್ 72, ವಾರ್ಡನ್ 77, ರೇ 78. ಜನಸ್ತೋಮ ವಿಜಯಿಯನ್ನು ಹೆಗಲ ಮೇಲೆತ್ತಿಕೊಂಡಿತು. ಎಡ್ಡಿಗಾಗಿ ಟೋಪಿ ಹಿಡಿದು ಹಣ ಸಂಗ್ರಹಿಸಿದರು.

ವೀಮೆಟ್ ವೃತ್ತಿಪರನಾಗಲಿಲ್ಲ. ಕ್ರೀಡಾಸಾಮಗ್ರಿಗಳ ವ್ಯಾಪಾರ ಕೈಗೊಂಡನೆಂಬ ಕಾರಣಕ್ಕೆ 1916ರಲ್ಲಿ ಅವನ ಹವ್ಯಾಸಿ ಮಾನ್ಯತೆಯನ್ನೇ ಅಮೆರಿಕದ ಗಾಲ್ಫ್ ಸಂಘ ಕಿತ್ತುಕೊಂಡು, 1918ರಲ್ಲಿ ಹಿಂತಿರುಗಿಸಿತು. ದುಡಿದು ತಿನ್ನುವವನಿಗೆ ಈ ನಿಯಮ ನ್ಯಾಯವೆನಿಸುವುದಿಲ್ಲ. 1951ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆ್ಯಂಡ್ರೂಸ್‌ನ ರಾಯಲ್ ಅಂಡ್ ಏನ್ಷಂಟ್ ಕ್ಲಬ್ ಅವನನ್ನು ತನ್ನ ನಾಯಕನನ್ನಾಗಿ ಆರಿಸಿತು. ಆ ಗೌರವ ಪಡೆದ ಮೊದಲ ಅಮೆರಿಕನ್ ಅವನೇ.

ದಾನಿಗಳ ಗಮನಕ್ಕೆ ತರಬೇಕಾದುದು 1949ರ ಕಾರ್ಯ. ವೀಮೆಟ್‌ನ ಮಿತ್ರರು ಆ ವರ್ಷ ಅವನ ಹೆಸರಿನಲ್ಲಿ ವಿದ್ಯಾರ್ಥಿವೇತನ ನಿಧಿಯೊಂದನ್ನು ಸ್ಥಾಪಿಸಿದರು. ಮ್ಯಾಸಚೂಸೆಟ್ಸ್ ರಾಜ್ಯದ ಗಾಲ್ಫ್ ಮೈದಾನಗಳಲ್ಲಿ ದುಡಿದ, ನೆರವಿನ ಅಗತ್ಯವುಳ್ಳ ತರುಣ ತರುಣಿಯರ ಕಾಲೇಜು ವ್ಯಾಸಂಗಕ್ಕೆ ಅದು ಸಹಾಯ ನೀಡುತ್ತದೆ. ವೀಮೆಟ್ 1967ರಲ್ಲಿ ತೀರಿಕೊಂಡನು. ಸ್ವತಃ ಅವನು ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ.