ಗಂಡಸರಿಗೆ ಒಪ್ಪುವ ಕೌದಿ



ಶಾಲೆಯ ಹೊಲಿಗೆಯ ತರಗತಿಯಲ್ಲಿ ಕಲಿತ ವಿದ್ಯೆಯು ಮನೆಯಲ್ಲಿ ಫಲಿಸತಕ್ಕದ್ದು. ಕೂಸಿಗೆ ಕೌದಿ ಹೊಲಿಯಲು ನಿಮ್ಮಲ್ಲಿ ಬಹುಮಂದಿ ಬಲ್ಲಿರಿ. ಆದರೆ ತಂದೆಗೋ, ಅಣ್ಣನಿಗೋ, ಗಂಡನಿಗೋ ಹೊಲಿಯಬೇಕಾದಾಗ ಯಾವ ಬಟ್ಟೆ, ಯಾವ ಬಣ್ಣ, ಯಾವ ಮಾದರಿ ಎಂಬ ಪ್ರಶ್ನೆ ಹುಟ್ಟುತ್ತದೆ. ಹೂವಿನ ಸೀರೆಯ ತುಂಡುಗಳಿಂದ ಅಂದವಾಗಿ ಹೊಲಿದ ಕೌದಿಯು, ಹೊದೆಯುವವನಿಗೆ ಸಂಕೋಚವಾಗಿ, ಪೆಟ್ಟಿಗೆಯ ತಳದಲ್ಲಿಯೇ ಉಳಿದುಬಿಡುವುದುಂಟು. ತಿಂಗಳುಗಟ್ಟಲೆಯ ಶ್ರಮವೂ ಅದರೊಳಗಿನ ಪ್ರೀತಿಯೂ ಹೀಗೆ ವ್ಯರ್ಥವಾಗಬಾರದು. ಆದಕಾರಣ ಈ ವಿಷಯವನ್ನು ಕ್ರಮವಾಗಿ ವಿಚಾರಿಸೋಣ.

ಮೊದಲನೆಯದಾಗಿ, ಬಟ್ಟೆಗಿಂತ ಮುಂಚೆ ಮನುಷ್ಯನನ್ನು ನೋಡಬೇಕು. ನಮ್ಮ ಪೀಣ್ಯದಲ್ಲಿ 1970ರ ದಶಕದಿಂದ ಕಾರ್ಖಾನೆಗಳು ಬೆಳೆದು, ಊರೂರುಗಳಿಂದ ಬಂದ ಗಂಡಸರು ಇಲ್ಲಿ ಪಾಳಿಯ ಮೇಲೆ ದುಡಿಯುತ್ತಾರೆ. ರಾತ್ರಿಯ ಪಾಳಿ ಮುಗಿಸಿ ಹಗಲು ಮಲಗುವವನಿಗೆ ಎರಡು ಮೂರು ಪದರಗಳ ತೆಳುವಾದ ಕೌದಿ ಸಾಕು. ಮಾರ್ಗಶಿರ ಪುಷ್ಯಗಳ ಚಳಿಗೆ ಐದಾರು ಪದರಗಳು ಬೇಕು. ಉದ್ದವನ್ನು ಅವನ ಎತ್ತರಕ್ಕಿಂತ ಒಂದೂವರೆ ಅಡಿ ಹೆಚ್ಚಾಗಿ ಇಟ್ಟುಕೊಳ್ಳಿರಿ. ಐದು ಮುಕ್ಕಾಲು ಅಡಿ ಎತ್ತರದವನಿಗೆ ಏಳೂಕಾಲು ಅಡಿ ಉದ್ದ, ಐದು ಅಡಿ ಅಗಲ ಸರಿಯಾಗುತ್ತದೆ. ಪಾದ ಮುಚ್ಚಿದರೆ ಹೆಗಲು ಬಯಲಾಗುವ ಕೌದಿಯು ಎಷ್ಟು ಚೆಲುವಾಗಿದ್ದರೂ ಅವನಿಗೆ ಒಪ್ಪಿದ್ದೆನ್ನಲಾಗದು.

ಎರಡನೆಯದು ಬಟ್ಟೆಯ ಆಯ್ಕೆ. ಹತ್ತಿಯ ಬಟ್ಟೆಯು ಬೆವರನ್ನು ಹೀರುತ್ತದೆ. ಟೆರಿಕಾಟಿನಂಥದು ಅಷ್ಟು ಹೀರುವುದಿಲ್ಲ. ಹಳೆಯ ಪಂಚೆಗಳು ಮೃದುವಾಗಿರುವುದರಿಂದ ಒಳಪದರಕ್ಕೆ ಬಹಳ ಯೋಗ್ಯ. ಅಂಗಿ, ಲುಂಗಿಗಳಲ್ಲಿ ಗಟ್ಟಿಯಾಗಿ ಉಳಿದ ಭಾಗಗಳು ಮೇಲ್ಪದರಕ್ಕೆ ಸಲ್ಲುವುವು. ಜೀನ್ಸ್ ಬಟ್ಟೆಯ ಮೇಲೆ ಹಲವು ಪದರ ಸೇರಿದರೆ ಕೈಸೂಜಿಯು ಇಳಿಯದು. ಅದನ್ನು ಬಳಸುವುದಾದರೆ ಅಡಿಯಲ್ಲಿ ಒಂದೇ ತೆಳುವಾದ ಪದರವಿರಲಿ. ಯಂತ್ರದ ಎಣ್ಣೆ ಹಿಡಿದ ಬಟ್ಟೆಯಲ್ಲಿ ಒಗೆದ ಬಳಿಕವೂ ವಾಸನೆ ಉಳಿದಿದ್ದರೆ ಬಿಟ್ಟುಬಿಡಿರಿ. ಹೊಸ ಹತ್ತಿಬಟ್ಟೆಯು ಮೊದಲನೆಯ ಒಗೆತದಲ್ಲಿ ಕುಗ್ಗುವುದರಿಂದ ಅದನ್ನು ನೆನೆಸಿ ಒಣಗಿಸಿದ ಮೇಲೆಯೇ ಕತ್ತರಿಸತಕ್ಕದ್ದು. ಬಣ್ಣ ಬಿಡುವ ಸಂಶಯವಿದ್ದಲ್ಲಿ ಒದ್ದೆಯ ತುಂಡನ್ನು ಬಿಳಿಯ ಬಟ್ಟೆಗೆ ಒತ್ತಿ ನೋಡಿರಿ.

ಮೂರನೆಯದು ಬಣ್ಣ. ಗಂಡಸರಿಗೆ ಬೂದು, ಕಂದುಗಳೇ ಸಲ್ಲುವುವೆಂಬ ಮಾತು ಪೂರ್ಣ ಸತ್ಯವಲ್ಲ. ಪಂಚೆಯ ಕೆಂಪು ಅಂಚನ್ನು ಧರಿಸಲು ನಮ್ಮ ಹಿರಿಯರು ಎಂದೂ ಸಂಕೋಚಪಟ್ಟವರಲ್ಲ. 19ನೆಯ ಶತಮಾನದ ಬ್ರಿಟಿಷ್ ಸಿಪಾಯಿಗಳು ಸಮವಸ್ತ್ರದ ಉಣ್ಣೆಯ ತುಂಡುಗಳಿಂದ ಕಡುಗೆಂಪು, ಹಳದಿ, ಕಪ್ಪು ಬಣ್ಣಗಳ ಕೌದಿಗಳನ್ನು ತಾವೇ ಹೊಲಿದರು. ಗಾಢವರ್ಣದಲ್ಲಿ ಕೊಳೆ ಕಾಣದೆಂಬುದು ನಿಜವೇ. ಆದರೆ ಕಾಣದ ಕೊಳೆಯು ಇಲ್ಲದ ಕೊಳೆಯಲ್ಲ. ಒಗೆಯುವುದು ತಪ್ಪದು.

ನಾಲ್ಕನೆಯದು ಮಾದರಿ. ಅವನ ಬಟ್ಟೆಯಲ್ಲಿಯೇ ಮಾದರಿಯು ಸಿದ್ಧವಾಗಿದೆ. ಲುಂಗಿಯ ಚೌಕುಳಿ, ಅಂಗಿಯ ಗೀರು, ಪಂಚೆಯ ಅಂಚು ಇವುಗಳನ್ನು ಉದ್ದಪಟ್ಟಿಗಳಾಗಿಯೋ, ಆರೇಳು ಅಂಗುಲದ ಚೌಕಗಳಾಗಿಯೋ ಜೋಡಿಸಬಹುದು. ಚೌಕುಳಿಯ ಗೆರೆಯನ್ನೇ ಹಿಡಿದು ಹೊಲಿದರೆ, ಅಭ್ಯಾಸವಿಲ್ಲದವರ ಸಾಲೂ ನೆಟ್ಟಗೆ ಬರುತ್ತದೆ. ಹಾಗೆಂದು ಅಲಂಕಾರವನ್ನೆಲ್ಲ ತೊರೆಯಬೇಕಾಗಿಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಯಲ್ಲಿ, ಆಫ್ರಿಕ ಮೂಲದ ಸಿದ್ದಿ ಜನಾಂಗದ ಹೆಂಗಸರು ಹಳೆಯ ಬಟ್ಟೆಗಳಿಂದ ಕವಂದಿಗಳನ್ನು ಹೊಲಿಯುತ್ತಾರೆ. ಅವರು ಅಂಚಿನಿಂದ ಆರಂಭಿಸಿ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗಳಿಗೂ ಮಡಿಸಿದ ತುಂಡಿನ ಹೂವನ್ನು ಇಡುತ್ತಾರೆ. ಆ ಹೂವಿಲ್ಲದ ಕವಂದಿಯು ಬೆತ್ತಲೆಯೆಂಬುದು ಅವರ ಭಾವನೆ. ಅಲ್ಲಿ ಹೂವು ಕೆಲಸವು ಪೂರ್ಣವಾಯಿತೆಂಬುದರ ಗುರುತು. ಇಂಥ ಒಂದು ಗುರುತು ಗಂಡಸರ ಕೌದಿಯಲ್ಲಿಯೂ ಇರಲಿ. ಅವನದೇ ಅಂಗಿಯ ತುಂಡಿನಿಂದ ಅದನ್ನು ಮಡಿಸಿದರೆ ಸಾಕು.

ಕೊನೆಯದಾಗಿ ಒಂದು ಎಚ್ಚರಿಕೆ. ಯಾರ ಬಟ್ಟೆಯನ್ನಾಗಲಿ ಕೇಳದೆ ಕತ್ತರಿಸಬೇಡಿರಿ. ನಮ್ಮ ಕಣ್ಣಿಗೆ ಚಿಂದಿಯಾಗಿ ಕಾಣುವ ಅಂಗಿಯು ಅವನ ಮೊದಲನೆಯ ಸಂಬಳದ್ದಾಗಿರಬಹುದು. ತೀರಿಹೋದವರ ಬಟ್ಟೆಯಾದರೆ ಮನೆಯವರೆಲ್ಲರ ಒಪ್ಪಿಗೆಯೂ ಬೇಕು. ಅಮೆರಿಕದ ಅಲಬಾಮ ಪ್ರಾಂತದ ಜೀಸ್ ಬೆಂಡ್ ಎಂಬ ಹಳ್ಳಿಯಲ್ಲಿ 1942ರಲ್ಲಿ ಮಿಸೌರಿ ಪೆಟ್ವೇ ಎಂಬಾಕೆಯು, ಮಡಿದ ಗಂಡನ ದುಡಿಮೆಯ ಉಡುಪುಗಳನ್ನೇ ಕತ್ತರಿಸಿ ಜೋಡಿಸಿ, ಆತನ ನೆನಪಿಗಾಗಿ ತಾನು ಹೊದೆಯಲು ಕೌದಿಯೊಂದನ್ನು ಹೊಲಿದಳು. ಮಾಸಿದ ನೀಲಿಯೂ ಕಲೆಗಳೂ ಅದರಲ್ಲಿ ಹಾಗೆಯೇ ಉಳಿದಿವೆ. ಬಡತನದ ಆ ಮನೆಯಲ್ಲಿ ಹೊಸ ಬಟ್ಟೆಯಿಂದ ದೊರೆಯದ ಒಂದು ವಸ್ತುವು ಹಳೆಯ ಬಟ್ಟೆಯಿಂದ ದೊರೆಯಿತು.

ಆದುದರಿಂದ, ಸೋದರಿಯರೇ, ಗಂಡಸರಿಗೆ ಒಪ್ಪುವ ಮಾದರಿಯನ್ನು ಅಂಗಡಿಯಲ್ಲಿ ಹುಡುಕುವುದಕ್ಕೆ ಮೊದಲು, ಮನೆಯ ಹಗ್ಗದ ಮೇಲೆ ಒಣಗುತ್ತಿರುವ ಅವರ ಬಟ್ಟೆಗಳನ್ನು ಒಮ್ಮೆ ನೋಡಿರಿ. ಅವರ ಎತ್ತರವನ್ನೂ, ನಿದ್ದೆಯ ಹೊತ್ತನ್ನೂ, ಇಷ್ಟವನ್ನೂ ವಿಚಾರಿಸಿ ತಿಳಿಯಿರಿ. ಆ ಬಳಿಕ ಕತ್ತರಿಯನ್ನು ಕೈಗೆ ತೆಗೆದುಕೊಳ್ಳಿರಿ.