ಮೊದಲು ಗುರುತು, ಆಮೇಲೆ ವಿಷ

ಕಳೆದ ವರ್ಷ ನಮ್ಮ ಅಡಿಕೆ ಸಸಿಮಡಿಯಲ್ಲಿ ಬಿಲಗಳು ಕಂಡವು. ಬಿಲವೆಂದರೆ ಇಲಿಯೇ ಎಂದು ನಾವೂ ಒಣಮೀನು ಬೆರೆಸಿದ ವಿಷದುಂಡೆ ಇಡಿಸಿದೆವು. ಸತ್ತು ಬಿದ್ದವುಗಳಲ್ಲಿ ಹೆಚ್ಚಿನವು ಮೂಗಿಲಿಗಳು. ಹುಳುಹುಪ್ಪಟೆ ತಿಂದು ನಮಗೆ ಉಪಕಾರ ಮಾಡುವ ಪ್ರಾಣಿಯನ್ನು ಕೊಂದು, ಸಸಿ ಕಡಿಯುವ ಹೆಗ್ಗಣವನ್ನು ಉಳಿಸಿಕೊಂಡಿದ್ದೆವು.

ಇವೆರಡರ ಭೇದ ಬಾಯಿಯಲ್ಲಿದೆ. ಇಲಿ, ಹೆಗ್ಗಣಗಳಿಗೆ ಮುಂದೆ ಮೇಲೆರಡು, ಕೆಳಗೆರಡು ಉಳಿಯಂಥ ಹಲ್ಲು, ಹಿಂದೆ ಖಾಲಿ ಜಾಗ, ಅನಂತರ ದವಡೆಹಲ್ಲು. ಮೂಗಿಲಿಗೆ ಖಾಲಿ ಜಾಗವಿಲ್ಲದೆ ಸಾಲಾಗಿ ಚೂಪು ಹಲ್ಲು. ಆದ್ದರಿಂದ ಶಾಸ್ತ್ರಜ್ಞರು ಇವನ್ನು ಬೇರೆ ಬೇರೆ ಗಣಗಳಲ್ಲಿ ಇಟ್ಟಿದ್ದಾರೆ.

ಇಲಿಗಳೊಳಗೂ ಭೇದಗಳುಂಟು. ಧಾರವಾಡ ಸೀಮೆಯಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ಜನರ ಬಾಯಿಂದ ಇಲಿಗಳ ಹೆಸರು ಕೇಳಿ ಬರೆದುಕೊಂಡರು. 1837ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಗ್ರೇ ಅವುಗಳಿಗೆ ಶಾಸ್ತ್ರೀಯ ಹೆಸರಿಟ್ಟರು. ಕನ್ನಡದ 'ಗುಲಾಂಡಿ' ಗೊಲುಂಡ ಆಯಿತು. ವಡ್ಡರ 'ಮೆತ್ತಾಡ' ಮೆಲ್ಟಡ ಆಯಿತು. ಗೊಲುಂಡದ ಮೇಲಿನ ಮುಂಹಲ್ಲಿನಲ್ಲಿ ಗೀರು ಇರುತ್ತದೆ. ಹಿಂದೆ ಸಿಂಹಳದ ಕಾಫಿ ತೋಟಗಳಲ್ಲಿ ಮೊಗ್ಗು, ಹೂ ಕಡಿದು ನಷ್ಟ ಮಾಡಿದ್ದು ಇದೇ. ಮೆತ್ತಾಡ ಎರೆಭೂಮಿಯ ಬಿರುಕುಗಳಲ್ಲಿ ವಾಸಿಸುತ್ತದೆ. ಮಳೆಗೆ ಬಿರುಕು ಮುಚ್ಚಿದಾಗ ಬಹಳಷ್ಟು ಸಾಯುತ್ತವೆ. 1826ರಲ್ಲಿ ಮುಂಗಾರು ಕೈಕೊಟ್ಟಾಗ ಇವು ಮಿತಿಮೀರಿ ಹೆಚ್ಚಿ, ಬಿತ್ತಿದ ಬೀಜವನ್ನೇ ತಿಂದುಹಾಕಿದುವೆಂದು ಎಲಿಯಟ್ ದಾಖಲಿಸಿದ್ದಾರೆ.

ಈ ಮೆತ್ತಾಡದ ಕುಲದಲ್ಲೇ 1975ರಲ್ಲಿ ಹೊಸ ಪ್ರಭೇದವೊಂದು ಹೊರಬಂತು. ಪುಣೆಯ ಬಳಿಯ ಸಿಂಹಗಡದಲ್ಲಿ ಸಿಕ್ಕ ಇಲಿಯನ್ನು ಮಿಶ್ರಾ ಮತ್ತು ಧಂಡಾ ಎಂಬ ವಿಜ್ಞಾನಿಗಳು ಅದರ ಬಂಧುಗಳೊಡನೆ ಹೋಲಿಸಿದರು. ಇಂಥ ಕೆಲಸದಲ್ಲಿ ಮೈಯುದ್ದ, ಬಾಲ, ಹಿಂಗಾಲು, ಕಿವಿ ಅಳೆದು, ತಲೆಬುರುಡೆ, ಹಲ್ಲು ಪರೀಕ್ಷಿಸಬೇಕು. ಒಂದು ಇಲಿ ದಪ್ಪವಿದ್ದ ಮಾತ್ರಕ್ಕೆ ಹೊಸದೆನ್ನಲಾಗದು. ಹಲವು ಪ್ರಾಣಿಗಳಲ್ಲಿ ಅದೇ ವ್ಯತ್ಯಾಸ ಕಾಣಬೇಕು. ಮೆತ್ತಾಡಕ್ಕಿಂತ ದೊಡ್ಡದಾದ ಈ ಇಲಿಗೆ ಗಡದ ಹಳೆಯ ಹೆಸರಾದ ಕೊಂಡಾಣದಿಂದಲೇ ಹೆಸರಿಟ್ಟರು. ವರ್ಣನೆಗೆ ಆಧಾರವಾದ ಮಾದರಿಯನ್ನು ಕಾದಿಡುವುದು ರೂಢಿ. ಮುಂದೆ ಸಂಶಯ ಬಂದವರು ಹೋಲಿಸಿ ನೋಡಬಹುದು. ಇಂದು ಇದು ಅಳಿವಿನಂಚಿನ ಪ್ರಾಣಿಗಳ ಪಟ್ಟಿಯಲ್ಲಿದೆ. 'ಎಲ್ಲ ಇಲಿಯೂ ಒಂದೇ' ಎಂದು ಬಿಟ್ಟಿದ್ದರೆ, ಅದು ಇದ್ದುದೂ ತಿಳಿಯುತ್ತಿರಲಿಲ್ಲ, ಹೋದರೂ ತಿಳಿಯುತ್ತಿರಲಿಲ್ಲ.

ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೆ: ಬಿಲ ಕಂಡರೆ ಮೊದಲು ಬೋನಿಡಿ. ಉದ್ದ ಮೂತಿ, ಸಾಸಿವೆಯಂಥ ಕಣ್ಣು, ಕಮಟು ವಾಸನೆ ಇದ್ದರೆ ಅದು ಮೂಗಿಲಿ; ಬಿಟ್ಟುಬಿಡಿ. ಸತ್ತದ್ದನ್ನೂ ಬರಿಗೈಯಿಂದ ಮುಟ್ಟಬೇಡಿ, ಇಲಿಜ್ವರದ ಭಯವುಂಟು. ಒಂದು ರಾತ್ರಿ ತಡವಾದರೆ ನಷ್ಟವಿಲ್ಲ. ಗುರುತು ತಪ್ಪಿದರೆ ವಿಷದ ಹಣವೂ ವ್ಯರ್ಥ, ಸಸಿಯೂ ಉಳಿಯದು.